ಟಾರ್ಪಾಲಿನ ಗಂಟು

ನಮ್ಮ ಪುತ್ತೂರು, ಸುಳ್ಯ, ಕಡಬದ ಕಡೆಯವರಿಗೆ ಒಂದು ಚಾಳಿ ಉಂಟು. ಮಳೆಗೆ ಒದ್ದೆ ಆಗುವ ವಸ್ತು ಕಂಡರೆ ಸುಮ್ಮನೆ ಕೂತುಕೊಳ್ಳಲಿಕ್ಕೆ ಆಗುವುದಿಲ್ಲ. ಬೈಕಿಗೆ ಪ್ಲಾಸ್ಟಿಕ್, ಪಂಪಿಗೆ ಗೂಡು, ಕಟ್ಟಿಗೆ ರಾಶಿಗೆ ಟಾರ್ಪಾಲು, ಗಟ್ಟಿ ತಾರಸಿಯ ಮೇಲೆ ಪುನಃ ಒಂದು ಶೀಟಿನ ಮಾಡು. ನೀರಿನ ಟ್ಯಾಂಕಿಗೆ ಕೊಡೆ ಹಿಡಿಯುವುದೊಂದು ಬಾಕಿ. ಸುಳ್ಯದ ಬಸ್‌ಸ್ಟ್ಯಾಂಡಿನ ಹಿಂದೆ ಎ.ಸಿ., ಫ್ರಿಜ್ಜು ರಿಪೇರಿ ಅಂಗಡಿ ಇಟ್ಟ ಸಂಕಪ್ಪ ಮೂವತ್ತು ವರ್ಷ ಜಗಳ ಮಾಡಿದ್ದೇ ಈ ಚಾಳಿಯ ಜೊತೆಗೆ.

"ಹೊರಗೆ ಇರ್ಲಿಕ್ಕೇ ಮಾಡಿದ ಮಷಿನ್ ಮಾರಾಯ್ರೆ ಅದು. ಅದಕ್ಕೆ ಶೀತ ಜ್ವರ ಬರುದಿಲ್ಲ. ಉಸಿರಾಡ್ಲಿಕ್ಕೆ ಬಿಡಿ," ಎಂದು ಮನೆ ಮನೆಗೆ ಹೇಳಿ ಹೇಳಿ ಅವನ ಬಾಯಿ ಬತ್ತಿತ್ತು.

ಸಂಕಪ್ಪ ಕೂದಲು ಸೀಳಿ ನೋಡುವ ಮನುಷ್ಯ. ಗ್ಯಾಸಿನ ಪೈಪು ಜೋಡಿಸಿದರೆ ಪ್ರತಿ ಜಾಯಿಂಟಿಗೂ ಸೋಪಿನ ನೀರು ಹಚ್ಚಿ, ಗುಳ್ಳೆ ಬರುತ್ತದಾ ಅಂತ ಕನ್ನಡಕ ಏರಿಸಿ ಮೂರು ಸಲ ನೋಡುವವ. "ಸಂಕಪ್ಪಣ್ಣ ಪೈಪಿಗೆ ಎಣ್ಣೆಸ್ನಾನ ಮಾಡಿಸ್ತಾರೆ," ಎಂದು ಜನ ತಮಾಷೆ ಮಾಡುತ್ತಿದ್ದರು. ಮಾಡಲಿ. ಅವನು ಕೂರಿಸಿದ ಒಂದು ಯಂತ್ರದಿಂದಲೂ ಯಾರಿಗೂ ಒಂದು ಶಾಕ್ ಹೊಡೆದದ್ದಿಲ್ಲ, ಒಂದು ಕಿಡಿ ಹಾರಿದ್ದಿಲ್ಲ. ಅವನಿಗಿದ್ದ ಹೆಸರು ಅಷ್ಟೇ, ಅದನ್ನು ಅವನು ಕಾಪಾಡಿಕೊಂಡಿದ್ದ.

ಅದನ್ನು ಬಿಟ್ಟರೆ ಇದ್ದದ್ದು ಒಬ್ಬಳೇ ಮಗಳು, ಸುಪ್ರಿತಾ. ಅವಳ ತಾಯಿ ತೀರಿಹೋದಾಗ ಅವಳು ಐದನೇ ಕ್ಲಾಸು. ಅರಂತೋಡಿನ ಮನೆಯಲ್ಲಿ ಒಬ್ಬಳನ್ನೇ ಬಿಡುವುದು ಹೇಗೆ ಎಂದು ರಜೆಯ ದಿನ ಸಂಕಪ್ಪ ಅವಳನ್ನು ಕೆಲಸಕ್ಕೇ ಕರೆದುಕೊಂಡು ಹೋಗುತ್ತಿದ್ದ. ಎ.ಸಿ.ಯ ಹೊರಗಿನ ಪೆಟ್ಟಿಗೆಯನ್ನು ಹಗ್ಗದಲ್ಲಿ ತಾರಸಿಗೆ ಎಳೆಯುವಾಗ ಕೆಳಗೆ ಗಂಟು ಹಾಕುವುದು ಅವಳ ಕೆಲಸ. ಸಂಕಪ್ಪನದ್ದೇ ಒಂದು ಗಂಟು ಇತ್ತು. ಎರಡು ಸುತ್ತು ಸುತ್ತಿ, ತುದಿಯನ್ನು ಹಿಂದಕ್ಕೆ ಮಡಚಿ ಒಳಗೆ ತೂರಿಸುವುದು. ಭಾರ ಬಿದ್ದಷ್ಟೂ ಬಿಗಿಯುತ್ತದೆ, ಗಿಡ್ಡ ತುದಿ ಎಳೆದರೆ ಒಂದೇ ಸಲಕ್ಕೆ ಬಿಚ್ಚುತ್ತದೆ. "ಈ ಗಂಟು ಹಾಕುವವರು ಇಡೀ ತಾಲೂಕಿನಲ್ಲಿ ಎರಡೇ ಜನ, ನಾನು ಮತ್ತು ನನ್ನ ಮಗಳು," ಎಂದು ಅವನು ಸಿಕ್ಕಿದವರಿಗೆಲ್ಲ ಹೇಳುತ್ತಿದ್ದ.

ಆ ಮಗಳು ರಾಮಕುಂಜದ ಲತೀಶನನ್ನು ಮದುವೆಯಾಗಿ ಎಂಟು ವರ್ಷ. ಲತೀಶ ಪಿಕಪ್ ಓಡಿಸುವವನು, ಒಳ್ಳೆಯ ಹುಡುಗ. ಮಕ್ಕಳಾಗಲಿಲ್ಲ. ಹರಕೆ ಹೇಳಿದ್ದಾಯಿತು, ಮಂಗಳೂರಿನ ಡಾಕ್ಟರರಿಗೆ ತೋರಿಸಿದ್ದಾಯಿತು, ನೆಂಟರ ಬಾಯಿಯಿಂದ ಕೇಳಬಾರದ್ದೆಲ್ಲ ಕೇಳಿದ್ದೂ ಆಯಿತು. ಎಂಟನೇ ವರ್ಷಕ್ಕೆ ಬಸಿರು ನಿಂತಿತು. ಈಗ ಏಳು ತಿಂಗಳು. ಸೀಮಂತಕ್ಕೆ ದಿನ ನೋಡಿ, ಸಂಕಪ್ಪ ಒಬ್ಬನೇ ಪುತ್ತೂರಿಗೆ ಹೋಗಿ, ಅಂಗಡಿಯ ಹೆಂಗಸರೆಲ್ಲ ನಗುವ ಹಾಗೆ ಎರಡು ಗಂಟೆ ಕೂತು ಒಂದು ಹಸಿರು ಸೀರೆ ಆರಿಸಿ ತಂದಿದ್ದ. ಸೀಮಂತ ಮುಗಿದ ಮೇಲೆ ಮಗಳು ಅರಂತೋಡಿಗೆ ಬರುವುದು, ಹೆರಿಗೆ ಅಪ್ಪನ ಮನೆಯಿಂದಲೇ. ಅವನಿಗೆ ಲೋಕದಲ್ಲಿ ಬೇಕಾದದ್ದು ಇಷ್ಟೇ ಇತ್ತು.

ಸುಪ್ರಿತಾ ಅಲ್ಲಿವರೆಗೆ ಗೋದಾವರಿಯಕ್ಕನ ಹಪ್ಪಳದ ಕೆಲಸಕ್ಕೆ ಹೋಗುತ್ತಿದ್ದಳು. ರಾಮಕುಂಜದಲ್ಲಿ ಗೋದಾವರಿಯಕ್ಕನ ಹಲಸಿನಕಾಯಿ ಹಪ್ಪಳ ಅಂದರೆ ಗಲ್ಫಿನವರೆಗೂ ಹೆಸರು. ಕಷ್ಟ ಎಂತದ್ದೆಂದರೆ, ಹಲಸು ಬಲಿಯುವ ಹೊತ್ತಿಗೇ ಮಳೆ ಬಂದು ಕೂರುತ್ತದೆ. ಬಿಸಿಲಿಲ್ಲದೆ ಹಪ್ಪಳ ಒಣಗುವುದಿಲ್ಲ, ಒಣಗಿದ್ದೂ ಥಂಡಿಗೆ ಮೆತ್ತಗಾಗುತ್ತದೆ. ಅವರ ಗಂಡ ಹರಿಪ್ರಸಾದ್ ಮಂಗಳೂರಿನಲ್ಲಿ ಮುಚ್ಚಿದ ಒಂದು ಕಾರ್ಖಾನೆಯಿಂದ ಒಂದು ಯಂತ್ರ ಹಿಡಿದುಕೊಂಡು ಬಂದರು. ಒಂದೇ ಪೆಟ್ಟಿಗೆ, ಕಪಾಟಿನಷ್ಟು ದೊಡ್ಡದು. ಒಂದು ಬದಿಯಲ್ಲಿ ಗ್ಯಾಸು ಉರಿದು ಬಿಸಿಗಾಳಿ, ಇನ್ನೊಂದು ಬದಿಯಲ್ಲಿ ಕರೆಂಟಿನಿಂದ ತಣ್ಣನೆ ಗಾಳಿ. ತಾರಸಿಯಲ್ಲಿ ಕೂರಿಸಿ ಕೊಳವೆಯಲ್ಲಿ ಗಾಳಿ ಕೆಳಗೆ ಬಿಡುವುದು, ಬಿಸಿ ಹಪ್ಪಳ ಒಣಗಿಸಲಿಕ್ಕೆ, ತಂಪು ಕಟ್ಟಿಡುವ ಕೋಣೆಗೆ.

ಅದನ್ನು ಕೂರಿಸಲಿಕ್ಕೆ ಮೇ ತಿಂಗಳಲ್ಲಿ ಸಂಕಪ್ಪನನ್ನು ಕರೆದರು. ಅವನು ತಾರಸಿ ಹತ್ತಿ ಮೇಲೆ ನೋಡಿದ, ಶೀಟಿನ ಮಾಡು ನೋಡಿ ತಲೆ ಅಲ್ಲಾಡಿಸಿದ.

"ಶೀಟಿನ ಅಡಿ ನಾನು ಕೂರಿಸುದಿಲ್ಲ ಪ್ರಸಾದಣ್ಣ. ಆಚೆ ಮೂಲೆಯಲ್ಲಿ ಶೀಟಿಲ್ಲದ ಜಾಗ ಉಂಟಲ್ಲ, ಅಲ್ಲಿ."

"ಅಷ್ಟು ದೊಡ್ಡ ಮಷಿನ್ ಮಳೆಗೆ ನಿಲ್ಲಿಸುದಾ ಸಂಕಪ್ಪಣ್ಣ? ಕಂಡವರು ಎಂತ ಹೇಳಿಯಾರು?"

"ಕಂಡವರು ಹೇಳ್ಲಿ. ಇಲ್ಲಿ ನೋಡಿ. ಗ್ಯಾಸು ಉರಿದ ಹೊಗೆ ಇಲ್ಲಿಂದ ಹೊರಗೆ ಬರುದು. ಹೊಸ ಗಾಳಿ ಈ ಬದಿಯಿಂದ ಒಳಗೆ ಹೋಗುದು. ಮೇಲೆ ಮಾಡು, ಸುತ್ತ ಮರೆ ಇದ್ರೆ ಬಿಟ್ಟ ಹೊಗೆಯನ್ನೇ ಪುನಃ ಎಳೆದು ಕೆಳಗೆ ಬಿಡ್ತದೆ. ಆ ಹೊಗೆಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಕೂತವರು ಕೂತಲ್ಲೇ ಹೋಗ್ತಾರೆ, ಗೊತ್ತೇ ಆಗುದಿಲ್ಲ."

ಅಷ್ಟು ಹೊತ್ತಿಗೆ ಸುಪ್ರಿತಾ ಚಾದ ಲೋಟ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದಳು. ಸಂಕಪ್ಪ ಮಾತು ನಿಲ್ಲಿಸಿ ಓಡಿಹೋಗಿ ಲೋಟ ತೆಗೆದುಕೊಂಡ. "ಈ ಅವಸ್ಥೆಯಲ್ಲಿ ಮೆಟ್ಟಿಲು ಹತ್ತಬೇಡ ಅಂತ ಎಷ್ಟು ಸಲ ಹೇಳುದು ನಿನಗೆ? ಇಳಿ, ಇಳಿ ಕೆಳಗೆ. ಗೋಡೆ ಹಿಡಿದು ಇಳಿ." ಅವಳು ನಕ್ಕು, "ಆಯ್ತು ಮಾರಾಯ್ರೆ," ಎಂದು ಇಳಿದಳು. ಹೀಗೆ ಆ ಮಾತು ಕೇಳಬೇಕಾದವಳನ್ನು ಅವನೇ ಕಳಿಸಿದ. ಕೆಳಗೆ ಹಲಸು ಹೆಚ್ಚುತ್ತಿದ್ದ ಚೆನ್ನುವಿಗಾಗಲಿ ಉಳಿದ ಹೆಂಗಸರಿಗಾಗಲಿ ಅವನು ಹೇಳಲಿಲ್ಲ. ಯಂತ್ರದ ಮಾತು ಯಜಮಾನರ ಹತ್ತಿರ ಆಡಿದರೆ ಮುಗಿಯಿತು ಅಂತಲೇ ಅವನು ತಿಳಿದದ್ದು. ಎಲ್ಲರೂ ಹಾಗೇ ತಿಳಿಯುವುದು.

ಎರಡು ದಿನ ಹಿಡಿಯಿತು. ನೀರುಮಟ್ಟ ಇಟ್ಟು ಸ್ಟ್ಯಾಂಡು ಕೂರಿಸಿದ. ಸುತ್ತ ನಾಲ್ಕು ಅಡಿ ಖಾಲಿ ಬಿಟ್ಟ. ಕೆಳಗೆ ಕೈಗೆ ಸಿಕ್ಕುವ ಹಾಗೆ ಬೇರೆಯೇ ಸ್ವಿಚ್ಚು, ಅರ್ತಿಂಗು, ಸಿಲಿಂಡರು ಗೋಡೆಯ ಹೊರಗೆ. ಪೈಪಿಗೆ ಎಣ್ಣೆಸ್ನಾನ ಮೂರು ಸಲ. ಕೊನೆಗೆ ಯಂತ್ರ ಹಚ್ಚಿ, ಹೆಂಗಸರು ಹಪ್ಪಳ ಮಾಡುವ ಕೆಳಗಿನ ಹಾಲ್‌ನಲ್ಲಿ ಕುರ್ಚಿ ಹಾಕಿ ಮೂರು ಗಂಟೆ ತಾನೇ ಕೂತ. ತಲೆ ಹಗುರವಾಗಿಯೇ ಇತ್ತು. "ಹೊಗೆ ಬಂದ್ರೆ ಕೂಗುವ ಒಂದು ಸಣ್ಣ ಡಬ್ಬಿ ಉಂಟು, ಅದೊಂದು ತರಿಸಿ," ಎಂದ. "ತರಿಸುವ," ಎಂದರು ಹರಿಪ್ರಸಾದ್. ನಮ್ಮಲ್ಲಿ ತರಿಸುವ ಅಂದರೆ ಆ ಮಾತು ಅಲ್ಲಿಗೇ ಮುಗಿಯಿತು ಅಂತ.

ಜೂನು ಬಂತು. ಮೊದಲ ವಾರದಲ್ಲೇ ಹರಿಪ್ರಸಾದರ ಫೋನು, "ಮಷಿನ್ ಒದ್ದೆ ಆಗ್ತಾ ಉಂಟು." ಆಗಲಿ ಎಂದ. ಎರಡನೇ ವಾರ ಹೋಗಿ ನೋಡಿದರೆ ಯಂತ್ರಕ್ಕೆ ನೀಲಿ ಟಾರ್ಪಾಲು ಹೊದಿಸಿ ಆಗಿತ್ತು, ಪುಣ್ಯಕ್ಕೆ ಆ ದಿನ ಹೆಂಗಸರಿಗೆ ರಜೆ, ಹಚ್ಚಿರಲಿಲ್ಲ. ಸಂಕಪ್ಪ ಅದನ್ನು ಎಳೆದು ಬಿಸಾಡಿ, ಕೂಗಾಡಿ, ಹೆದರಿಸಿ ಬಂದ. ಮೂರನೇ ಸಲ ಗೋದಾವರಿಯಕ್ಕನೇ ಕರೆಸಿದರು. ಬಾಳೆ ಎಲೆ ಹಾಕಿ ಊಟ ಬಡಿಸಿದರು. ಬಡಿಸುತ್ತಾ, "ಮಳೆಯಲ್ಲಿ ಅದು ನಿಂತದ್ದು ಕಂಡರೆ ನನಗೆ ಹೊಟ್ಟೆ ಚುರುಕ್ ಅಂತದೆ ಸಂಕಪ್ಪಣ್ಣ. ಎಂತಾದರೂ ಒಂದು ದಾರಿ ಮಾಡಿ," ಎಂದರು.

ಬೇರೆ ಯಾರಾದರೂ ಆಗಿದ್ದರೆ ಸಂಕಪ್ಪ ಬಗ್ಗುತ್ತಿರಲಿಲ್ಲ. ಆದರೆ ಈಯಮ್ಮ ಅವನ ಮಗಳಿಗೆ ಕೂತು ಮಾಡುವ ಕೆಲಸ ಕೊಟ್ಟವರು. ಭಾರ ಎತ್ತಲಿಕ್ಕೆ ಬಿಡದವರು, ದಿನಾ ಹನ್ನೊಂದು ಗಂಟೆಗೆ ಒಂದು ಲೋಟ ಹಾಲು ಕುಡಿಸುವವರು. ಅವರ ಎಲೆಯಲ್ಲಿ ಉಂಡು ಇಲ್ಲ ಅನ್ನುವುದು ಹೇಗೆ? ದಾಕ್ಷಿಣ್ಯಕ್ಕೆ ಬಸಿರಾದರೆ ಹೆರಲಿಕ್ಕೆ ಜಾಗ ಇಲ್ಲ ಎಂದು ಗಾದೆ. ಅವನೇ ಎಷ್ಟೋ ಜನರಿಗೆ ಹೇಳಿ ನಕ್ಕದ್ದು.

"ಮೇಲೆ ಮಾತ್ರ," ಎಂದ. "ಯಂತ್ರದಿಂದ ಐದು ಅಡಿ ಎತ್ತರಕ್ಕೆ. ಬದಿ ನಾಲ್ಕೂ ಖಾಲಿ ಇರಬೇಕು."

ತಾನೇ ನಾಲ್ಕು ಅಡಿಕೆ ಮರದ ಕಂಬ ನಿಲ್ಲಿಸಿ ಟಾರ್ಪಾಲು ಎಳೆದು ಕಟ್ಟಿದ. ಟಾರ್ಪಾಲು ಉದ್ದ ಜಾಸ್ತಿ ಇತ್ತು, ಎರಡೂ ಬದಿ ನೆಲದವರೆಗೆ ಬರುವಷ್ಟು. ಹೊಸತು, ಕತ್ತರಿಸಲಿಕ್ಕೆ ಗೋದಾವರಿಯಕ್ಕನಿಗೆ ಮನಸ್ಸು ಬರಲಿಲ್ಲ. "ಸುರುಟಿ ಇಡಿ," ಎಂದರು. ಸುರುಟಿ ಮೇಲೆ ಕಟ್ಟಿದ. ಇಳಿದು ಬರುವಾಗ ಮನಸ್ಸಿಗೆ ಸಮಾಧಾನ ಇರಲಿಲ್ಲ, ಆದರೂ ಬಂದ.

ಹತ್ತು ದಿನ ಎಂತದೂ ಆಗಲಿಲ್ಲ. ಹನ್ನೊಂದನೆಯ ದಿನ, ಮಧ್ಯಾಹ್ನ ಹನ್ನೆರಡು ದಾಟಿತ್ತು, ಲತೀಶನ ಫೋನು.

"ಮಾವ, ಪುತ್ತೂರಿಗೆ ಬನ್ನಿ. ಆಸ್ಪತ್ರೆಗೆ. ಹಪ್ಪಳದ ಹಾಲ್‌ನಲ್ಲಿ ಎಲ್ಲ ಬಿದ್ದಿದ್ದಾರೆ."

ಬೆಳಿಗ್ಗೆಯಿಂದ ಹೆಂಗಸರಿಗೆಲ್ಲ ತಲೆನೋವು ಇತ್ತಂತೆ. ಪಿತ್ತ ಎಂದು ಪುನರ್ಪುಳಿ ಶರಬತ್ತು ಕುಡಿದರಂತೆ. ಥಂಡಿಗೆ ಹಪ್ಪಳ ಮೆತ್ತಗಾಗುತ್ತದೆಂದು ಕಿಟಕಿ ಎಲ್ಲ ಹಾಕಿತ್ತು. ಮೊದಲು ಚೆನ್ನು ವಾಂತಿ ಮಾಡಿದಳು, ಆಮೇಲೆ ಸುಪ್ರಿತಾ ಕೂತಲ್ಲೇ ಒರಗಿದಳು. ಹಾಲು ತಂದ ಗೋದಾವರಿಯಕ್ಕ ಬಾಗಿಲು ತೆರೆದು ಬೊಬ್ಬೆ ಹಾಕಿದ್ದರಿಂದ ಅಷ್ಟು ಜೀವ ಉಳಿಯಿತು.

ಮಗಳನ್ನು ನೋಡಲಿಕ್ಕೆ ಸಂಕಪ್ಪನನ್ನು ಬಿಡಲಿಲ್ಲ. ಡಾಕ್ಟರಮ್ಮ ಹೊರಗೆ ಬಂದು, "ಹೊಗೆ ಗಾಳಿ ರಕ್ತಕ್ಕೆ ಸೇರಿದೆ. ಅಲ್ಲಿ ಎಂತ ಉರಿಯುತ್ತಿತ್ತು? ಯಾರಾದ್ರೂ ಹೋಗಿ ಅದನ್ನು ಮೊದಲು ನಿಲ್ಲಿಸಿ," ಎಂದರು. ಸ್ಕೂಟರು ಹತ್ತಿ ರಾಮಕುಂಜಕ್ಕೆ ಹೇಗೆ ಹೋದನೋ ಅವನಿಗೇ ನೆನಪಿಲ್ಲ. ದಾರಿಯುದ್ದಕ್ಕೂ ಒಂದೇ ಯೋಚನೆ. ಬದಿ ಮುಚ್ಚಿದ್ದಾರೆ. ಆ ಹರಿಪ್ರಸಾದ ಬದಿ ಮುಚ್ಚಿದ್ದಾನೆ. ಅವನ ಕುತ್ತಿಗೆ ಹಿಡಿಯದೆ ಬಿಡುವುದಿಲ್ಲ.

ಯಂತ್ರ ಇನ್ನೂ ಓಡುತ್ತಿತ್ತು. ಸಿಲಿಂಡರು ಬಂದ್ ಮಾಡಿ, ಮೂಗಿಗೆ ಒದ್ದೆ ಟವೆಲು ಹಿಡಿದು ಮೆಟ್ಟಿಲು ಹತ್ತಿದ. ಹೌದು. ಸುರುಟಿದ್ದ ಟಾರ್ಪಾಲು ಎರಡೂ ಬದಿಯಲ್ಲಿ ನೆಲದವರೆಗೆ ಇಳಿದಿತ್ತು. ಮೂರನೇ ಬದಿಯಲ್ಲಿ ತಾರಸಿಯ ಗೋಡೆ. ಗಾಳಿಗೆ ಹಾರದ ಹಾಗೆ ಕಂಬದ ಬುಡಕ್ಕೆ ನೈಲಾನು ಹಗ್ಗದಲ್ಲಿ ನೀಟಾಗಿ ಬಿಗಿದಿತ್ತು.

ಬಗ್ಗಿ ಹಗ್ಗಕ್ಕೆ ಕೈ ಹಾಕಿದವನು ಹಾಗೆಯೇ ನಿಂತ. ಎರಡು ಸುತ್ತು. ತುದಿ ಹಿಂದಕ್ಕೆ ಮಡಚಿ ಒಳಗೆ ತೂರಿಸಿತ್ತು. ಇಡೀ ತಾಲೂಕಿನಲ್ಲಿ ಎರಡೇ ಜನ.

ಅಯ್ಯೋ ದೇವರೇ, ನನ್ನ ಕೂಸೇ, ಎಂದು ಅವನ ಬಾಯಿಂದ ಬಂತು. ಎಲ್ಲರಿಗಿಂತ ಮೊದಲು ಬಂದು, ಗೋಡೆ ಹಿಡಿದು, ಒಂದೊಂದೇ ಮೆಟ್ಟಿಲು ಹತ್ತಿರಬೇಕು. ಅಡ್ಡ ಮಳೆಗೆ ಅಪ್ಪನ ಮಷಿನು ಒದ್ದೆ ಆಗುವುದನ್ನು ಕಂಡಿರಬೇಕು. ಆ ದೊಡ್ಡ ಹೊಟ್ಟೆ ಹೊತ್ತುಕೊಂಡು ಬಗ್ಗಿ ನಾಲ್ಕು ಗಂಟು ಹಾಕಿದ್ದಾಳೆ. ಒಂದೂ ಸಡಿಲ ಇರಲಿಲ್ಲ.

ಕೆಳಗೆ ಕಾರಿನ ಸದ್ದು. ಮೆಟ್ಟಿಲಲ್ಲಿ ಹರಿಪ್ರಸಾದರ ಚಪ್ಪಲಿಯ ಸದ್ದು. ಸಂಕಪ್ಪ ಗಿಡ್ಡ ತುದಿ ಎಳೆದ. ಒಂದು, ಎರಡು, ಮೂರು, ನಾಲ್ಕು. ಟಾರ್ಪಾಲು ಸುರುಟಿ ಮೇಲೆ ಸಿಕ್ಕಿಸಿದ, ಹಗ್ಗವನ್ನು ಕಿಸೆಗೆ ತುರುಕಿದ.

"ನೋಡಿ ಸಂಕಪ್ಪಣ್ಣ," ಎಂದರು ಹರಿಪ್ರಸಾದ್. "ದೇವರಾಣೆಗೂ ನಾವು ಮುಟ್ಟಲಿಲ್ಲ. ನೀವು ಹೇಳಿದ ಹಾಗೆಯೇ ಉಂಟು, ಬದಿ ಎಲ್ಲ ಖಾಲಿ. ಮತ್ತೆ ಇದು ಹೇಗೆ ಆದದ್ದು?"

"ನನ್ನ ಫಿಟ್ಟಿಂಗು ಸರಿ ಇರ್ಲಿಲ್ಲ," ಎಂದ ಸಂಕಪ್ಪ. "ಹೊಗೆಯ ಬಾಯಿ ನಾನು ತಪ್ಪಿ ಇಟ್ಟದ್ದು. ಯಾರು ಕೇಳಿದ್ರೂ ಹಾಗೇ ಹೇಳಿ."

ಹರಿಪ್ರಸಾದ್ ಮಾತಾಡಿದರು, ತುಂಬಾ ಮಾತಾಡಿದರು, ನಂಬಿ ಕೆಟ್ಟೆವು ಎಂದರು. ಸಂಕಪ್ಪ ನಿಂತು ಎಲ್ಲ ಕೇಳಿದ.

ಸಂಜೆ ಆಸ್ಪತ್ರೆಗೆ ಹೋಗುವಾಗ ಚೆನ್ನು ಎದ್ದು ಕೂತಿದ್ದಳು. ಉಳಿದವರೂ ಚೇತರಿಸಿದ್ದರು. ಸುಪ್ರಿತಾಳಿಗೂ ಎಚ್ಚರ ಬಂದಿತ್ತು. ಮಗು ಇರಲಿಲ್ಲ. ಇಂಥ ಗಾಳಿ ತಾಯಿಗಿಂತ ಮೊದಲು ಹೊಟ್ಟೆಯ ಮಗುವಿಗೆ ತಾಗುತ್ತದೆ ಎಂದು ಡಾಕ್ಟರಮ್ಮ ಹೇಳಿದ್ದರು. ಗಂಡು ಮಗು. ಲತೀಶ ಗೋಡೆಗೆ ತಲೆ ಕೊಟ್ಟು ಕೂತಿದ್ದ, ಮಾವನ ಮುಖ ನೋಡಲಿಲ್ಲ. ಫಿಟ್ಟಿಂಗಿನ ಸುದ್ದಿ ಆಗಲೇ ಅಲ್ಲಿಗೆ ಮುಟ್ಟಿತ್ತು.

ಸಂಕಪ್ಪ ಮಂಚದ ಬದಿಯಲ್ಲಿ ಕೂತು ಮಗಳ ಕೈ ಹಿಡಿದ.

"ಅಪ್ಪ, ಬೆಳಿಗ್ಗೆ ಗಾಳಿಮಳೆ ಜೋರಿತ್ತು. ನಿಮ್ಮ ಮಷಿನ್ ಒದ್ದೆ ಆಗ್ತದೆ ಅಂತ ನಾನು ಮೇಲೆ ಹೋಗಿ ಟಾರ್ಪಾಲು ಇಳಿಸಿ ಕಟ್ಟಿದ್ದೆ. ಅದರಿಂದ ಆದದ್ದಾ ಅಪ್ಪ? ನಾನು ಕಟ್ಟಿದ್ದರಿಂದ?"

"ಛೆ ಛೆ. ಅಲ್ಲ ಮಗಾ. ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ."

"ಹೌದಾ? ನನ್ನ ಮೇಲೆ ಆಣೆ ಇಟ್ಟು ಹೇಳಿ."

ಅವನು ಅವಳ ತಲೆ ಮೇಲೆ ಕೈ ಇಟ್ಟ. "ನಿನ್ನ ಆಣೆ. ಟಾರ್ಪಾಲಿನಿಂದ ಆದದ್ದಲ್ಲ. ನಾನು ಮಷಿನ್ ಕೂರಿಸಿದ್ದೇ ತಪ್ಪಿತ್ತು. ನನ್ನಿಂದ ಆದದ್ದು."

ಸುಪ್ರಿತಾ ಅಪ್ಪನನ್ನೇ ನೋಡಿದಳು. ಅವಳ ಎದೆ ಒಮ್ಮೆ ದೊಡ್ಡದಾಗಿ ಏರಿ ಇಳಿಯಿತು. ಅವನ ಹಿಡಿತದಿಂದ ತನ್ನ ಕೈಯನ್ನು ಮೆಲ್ಲ ಬಿಡಿಸಿಕೊಂಡು ಗೋಡೆಯ ಕಡೆ ತಿರುಗಿ ಮಲಗಿದಳು.

ಆಮೇಲೆ ಸಂಕಪ್ಪನನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ. ಕರೆಯದ್ದೇ ಸರಿ. ಅಂಗಡಿಯ ಬಾಗಿಲು ತೆರೆದು ಕೂರುತ್ತಾನೆ, ಸಂಜೆ ಮುಚ್ಚಿ ಅರಂತೋಡಿನ ಬಸ್ಸು ಹತ್ತುತ್ತಾನೆ. ಹಸಿರು ಸೀರೆ ಕಪಾಟಿನಲ್ಲಿ ಮಡಚಿದ ಹಾಗೆಯೇ ಉಂಟು. ಮಗಳು ಆ ಮನೆಗೆ ಪುನಃ ಕಾಲಿಡಲಿಲ್ಲ. ವಾರಕ್ಕೊಮ್ಮೆ ಲತೀಶನಿಗೆ ಫೋನು ಮಾಡುತ್ತಾನೆ, ಕೇಳುವುದು ಅದದೇ ಮಾತು.

"ನಿದ್ದೆ ಬರ್ತದಾ ಅವಳಿಗೆ?"

"ಈಗ ಬರ್ತದೆ ಮಾವ."

"ಊಟ?"

"ಮಾಡ್ತಾಳೆ. ಕೆಲಸಕ್ಕೂ ಹೋಗ್ತಾಳೆ. ನಿಮ್ಮ ಹೆಸರು ಎತ್ತಿದ್ರೆ ಮಾತ್ರ ಎದ್ದು ಹೋಗ್ತಾಳೆ."

"ಹಾಗೇ ಇರ್ಲಿ," ಎನ್ನುತ್ತಾನೆ ಸಂಕಪ್ಪ. "ಎತ್ತಬೇಡ."