ನೂಲಿಲ್ಲದ ಹೊಲಿಗೆ

ಮೆಕ್ಯಾನಿಕ್ ಮಾನಪ್ಪನ ಶೆಡ್ಡಿನ ಬಾಗಿಲಲ್ಲಿ ಒಂದು ಹೊಲಿಗೆ ಯಂತ್ರವಿತ್ತು. ಬಿಸಿಲು ಅದರ ಗಾಲಿಗೆ ತಾಗಿ, ಗಾಲಿ ತಿರುಗಿದಂತೆಲ್ಲ ಒಳಗೋಡೆಯ ಮೇಲೆ ಒಂದು ಬೆಳಕಿನ ಚುಕ್ಕೆ ಓಡಾಡುತ್ತಿತ್ತು. ಅವನ ಹೆಂಡತಿ ಈರಮ್ಮ ಅಲ್ಲಿ ಕೂತು ಕಾರಿನ ಸೀಟುಗಳಿಗೆ ಹೊದಿಕೆ ಹೊಲಿಯುತ್ತಿದ್ದಳು. ಒಳಗೆ ಯಾವುದಾದರೂ ಎಂಜಿನ್ನು ಅಪಸ್ವರ ತೆಗೆದರೆ ಅವಳ ಕಾಲು ನಿಲ್ಲುತ್ತಿತ್ತು. ಸರಿಹೋದರೆ ಮತ್ತೆ ತುಳಿಯುತ್ತಿದ್ದಳು. ಗದ್ದಲಕ್ಕೆ ಬೇಸತ್ತು ನಿಲ್ಲಿಸುತ್ತಾಳೆಂದು ನಾನು ತಿಳಿದಿದ್ದೆ.

ನನ್ನದು ಬಾಡಿಗೆ ಕಾರು. ಎಣ್ಣೆ ಬದಲಿಸುವ ಕಾಲ ಬಂದಾಗಲೆಲ್ಲ ಅಲ್ಲಿಗೇ ಒಯ್ಯುತ್ತಿದ್ದೆ. ಅಂದು ಹೋದಾಗ ಈರಮ್ಮ ತಂಗಿಯ ಬಾಣಂತನಕ್ಕೆಂದು ತವರಿಗೆ ಹೋಗಿದ್ದಳು. ಶಂಕರಗೌಡ ಬಂದು ನಿಂತಿದ್ದ. ಅವನ ಜೀಪುಗಳಿಂದಲೇ ಆ ಶೆಡ್ಡಿನ ಸಂಸಾರ ನಡೆಯುತ್ತಿತ್ತು.

"ಮಾನಪ್ಪಗ ಕಿವಿ ಕೇಳಂಗಿಲ್ಲಂತ ಮಂದಿ ಅಂತಾರ," ಎಂದು ನನ್ನ ಪಕ್ಕಕ್ಕೆ ಸರಿದು ಹೇಳಿದ. "ಖರೇ ಇದ್ರ ನನ್ನ ಗಾಡಿ ಬ್ಯಾರೆ ಕಡೆ ಒಯ್ತೀನಿ."

"ನಿಮ್ಮ ಮಾತಿಗೆಲ್ಲ ಉತ್ತರ ಕೊಡ್ತಾನಲ್ರೀ ಗೌಡ್ರ."

"ಮಾರಿ, ತುಟಿ ನೋಡಿ ಕೊಡ್ತಾನ. ಎಂಜಿನ್ನಿಗೆ ಮಾರಿ ಎಲ್ಲೈತಿ?"

ಮಾನಪ್ಪ ನನ್ನ ಕಾರಿಗೆ ಹೊಸ ಎಣ್ಣೆ ಸುರಿದು ಎಂಜಿನ್ ಚಾಲೂ ಮಾಡಿದ. ಕೆಳಗಿನಿಂದ ಹಲ್ಲು ಜುಮ್ಮೆನ್ನುವಂತೆ ಕಿರ್ರೆನ್ನುವ ಸಪ್ಪಳವೆದ್ದಿತು. ಗೌಡ ಕೈಕಟ್ಟಿ ಅವನನ್ನೇ ನೋಡುತ್ತಿದ್ದ. ಮಾನಪ್ಪ ಮಡ್‌ಗಾರ್ಡಿನ ಮೇಲೆ ಅಂಗೈ ಊರಿ, ತಲೆಯೆತ್ತಿ ಗೋಡೆಯತ್ತ ನೋಡಿದ. ಚುಕ್ಕೆ ಒಂದೇ ಕಡೆ ನಿಂತಿತ್ತು. ಅವಳಿಲ್ಲದ್ದು ಆಗ ನೆನಪಾಯಿತೇನೋ, ಅವನ ಮುಖ ಇಳಿದುಹೋಯಿತು. ಅವಳ ಕಾಲು ಇಷ್ಟು ದಿನ ಯಾರಿಗಾಗಿ ನಿಲ್ಲುತ್ತಿತ್ತೆಂದು ನನಗೂ ಆಗಲೇ ತಿಳಿದದ್ದು.

ನಾನು ಹೋಗಿ ಈರಮ್ಮನ ಸ್ಟೂಲಿನ ಮೇಲೆ ಕೂತು, ಸೂಜಿಯಡಿ ಒಂದು ರೆಕ್ಸಿನ್ ತುಂಡಿಟ್ಟು ತುಳಿಯತೊಡಗಿದೆ. ಚುಕ್ಕೆ ಗೋಡೆಯ ಮೇಲೆ ಓಡಿತು. ಮಾನಪ್ಪ ನೋಡುವವರೆಗೆ ಕಾದು, ಥಟ್ಟನೆ ಕಾಲು ತೆಗೆದೆ.

"ಏನೋ, ಹೊಲಿಗಿ ಯಾವಾಗ ಕಲ್ತಿ?" ಗೌಡ ನಕ್ಕ.

"ಸೀಟ್ ಹರ್ದೈತ್ರೀ. ಆಕಿ ಬರೂತನಾ ಯಾರು ಕಾಯ್ತಾರ?"

ಮಾನಪ್ಪ ಎಂಜಿನ್ ನಿಲ್ಲಿಸಿ ಕ್ರ್ಯಾಂಕ್ ಪುಲ್ಲಿಯತ್ತ ಬಗ್ಗಿದ. ಬೆಲ್ಟನ್ನು ತಿರುಗಿಸುವ ಗಾಲಿ ಅದು. ನಡುವಿನ ಗುಂಬಕ್ಕೂ ಹೊರಗಿನ ಬಳೆಗೂ ಮಧ್ಯೆ ರಬ್ಬರಿರುತ್ತದೆ. ಈರಮ್ಮನ ಎಲೆಯಡಿಕೆ ಡಬ್ಬಿಯಿಂದ ಸುಣ್ಣ ತೆಗೆದು ಗುಂಬದಿಂದ ಬಳೆಯವರೆಗೆ ಒಂದು ಗೆರೆ ಎಳೆದ.

"ಎಂಜಿನ್ನಿಗೂ ವಿಭೂತಿ ಹಚ್ಚೀಯೇನೋ?" ಎಂದ ಗೌಡ.

ಬೆನ್ನು ಮಾಡಿದ್ದ ಮಾನಪ್ಪ ಉತ್ತರಿಸಲಿಲ್ಲ.

"ಕೆಲಸದಾಗ ಅದಾನ್ರೀ," ಎಂದೆ ನಾನು.

ಎಂಜಿನ್ನನ್ನು ಓಡಿಸಿ ನಿಲ್ಲಿಸಿದಾಗ ಗೆರೆ ಎರಡಾಗಿತ್ತು. ಗುಂಬದ ಮೇಲಿನ ತುಂಡು ಒಂದು ಕಡೆ, ಬಳೆಯ ಮೇಲಿನದು ಇನ್ನೊಂದು ಕಡೆ.

"ರಬ್ಬರ್ ಸತ್ತೈತಿ," ಎಂದು ಮಾನಪ್ಪ ಉದುರಿದ ಚೂರನ್ನು ಬೆರಳಲ್ಲಿ ಹೊಸಕಿದ. "ಬಳಿ ಜಾರಾಕತ್ತೈತಿ. ಬೆಲ್ಟ್ ಬದ್ಲಿ ಮಾಡಿದ್ರೂ ಸಪ್ಪಳ ಹೋಗಂಗಿಲ್ಲ."

ಬೇರೆ ಪುಲ್ಲಿ ಕೂಡಿಸಿ ಮತ್ತೆ ಚಾಲೂ ಮಾಡಿದ. ನಾನು ತುಳಿದೆ. ಚುಕ್ಕೆ ನಿಲ್ಲದೆ ಓಡಿತು. ಅವನು ಗೋಡೆಯನ್ನು ನೋಡಿ, "ಈಗ ಸುಮ್ನಾತು" ಎಂದ.

ಗೌಡ ಒಮ್ಮೆ ಗೋಡೆಯನ್ನೂ ಒಮ್ಮೆ ನನ್ನ ಕಾಲನ್ನೂ ನೋಡಿದ. ಬಾಗಿಲು ದಾಟುವಾಗ ನನ್ನ ಕಡೆ ಬಗ್ಗಿ, "ಈರಮ್ಮ ಬಂದ ಮ್ಯಾಲ ಜೀಪ್ ಕಳಸ್ತೀನಂತ ಹೇಳು," ಎಂದು ಹೊರಟುಹೋದ.

ಈರಮ್ಮ ಮರಳಿದ ದಿನ ನಾನೂ ಶೆಡ್ಡಿನಲ್ಲಿದ್ದೆ. ಹೊರಡುವಾಗ ಅವಳು ನೂಲು ತೆಗೆದಿಟ್ಟು ಹೋಗಿದ್ದಳಂತೆ, ನಾನು ಗಮನಿಸಿರಲಿಲ್ಲ. ಸೂಜಿಯಡಿಯ ರೆಕ್ಸಿನ್ ತುಂಡನ್ನು ಎಳೆದು ಬೆಳಕಿಗೆ ಹಿಡಿದಳು. ಉದ್ದಕ್ಕೂ ಬರಿಯ ತೂತುಗಳು. ಬಿಸಿಲು ಅವುಗಳೊಳಗಿಂದ ಇಳಿದು ಅವಳ ಕೆನ್ನೆಯ ಮೇಲೆ ಚುಕ್ಕೆಯ ಸಾಲಾಯಿತು. ಒಮ್ಮೆ ಗೋಡೆಯನ್ನೂ ಒಮ್ಮೆ ನನ್ನನ್ನೂ ನೋಡಿದಳು. ತುಂಡನ್ನು ಮಡಿಸಿ ಡಬ್ಬಿಯ ಕೆಳಗಿಟ್ಟು, ಸೂಜಿಗೆ ನೂಲು ಪೋಣಿಸತೊಡಗಿದಳು.