ನೆರೆ ಪರೀಕ್ಷೆಯಲ್ಲಿ ನಾವೇ ಫಸ್ಟ್

ನದಿಗೆ ತಡೆಗೋಡೆ ಕಟ್ಟುವುದು ಒಂದೇ ಬೀದಿಗಂತೆ. ನಮ್ಮ ಕೆಳಬೀದಿಗೋ, ಪಕ್ಕದ ಬಂಗಲೆಗಳ ಬೀದಿಗೋ ಎಂಬುದನ್ನು ನೆರೆ ಬಂದರೆ ಯಾರು ಹೇಗೆ ಎದುರಿಸುತ್ತಾರೆಂದು ಪರೀಕ್ಷೆ ಮಾಡಿ ತೀರ್ಮಾನಿಸುತ್ತಾರಂತೆ. ಈ ಸುದ್ದಿ ಕಿವಿಗೆ ಬಿದ್ದದ್ದೇ ತಡ, ನನ್ನ ಗಂಡನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

"ಪರೀಕ್ಷೆ ಅಂದ್ಮೇಲೆ ಜಾಸ್ತಿ ಮಾರ್ಕ್ಸ್ ತಗೊಂಡೋರಿಗೆ ತಾನೇ ಬಹುಮಾನ?" ಎಂದ. ಬೀದಿಯವರೆಲ್ಲ ಹೌದೌದು ಎಂದು ತಲೆಯಾಡಿಸಿದರು. ಶಾಲೆಯಲ್ಲಿ ಒಮ್ಮೆಯೂ ನೆಟ್ಟಗೆ ಪಾಸಾಗದವರಿಗೆ ಪರೀಕ್ಷೆಯ ಮೇಲೆ ಅದೆಷ್ಟು ಭಕ್ತಿ ಅಂತೀರಿ!

ನನಗಂತೂ ಆ ಗೋಡೆ ಬೇಕೇ ಬೇಕಿತ್ತು. ನಮ್ಮತ್ತೆಗೆ ಸೊಂಟದ ಕೆಳಗೆ ಸ್ವಾಧೀನವಿಲ್ಲ. ಹೋದ ಸಲ ನೀರು ನುಗ್ಗಿದಾಗ ನಾವು ಹೊರಗೆ ದುಡಿಯಲು ಹೋಗಿದ್ದೆವು. ಓಡಿ ಬರುವಷ್ಟರಲ್ಲಿ ನೀರು ಮಂಚದ ಸಮಕ್ಕೆ ಬಂದಿತ್ತು, ಕೂಗಿ ಕೂಗಿ ಅವರ ದನಿಯೇ ಹೋಗಿತ್ತು. ಅಂದಿನಿಂದ ಬಕೆಟ್ಟಿಗೆ ನಲ್ಲಿ ಬಿಟ್ಟ ಸದ್ದಾದರೂ ನನ್ನ ಕೈ ಹಿಡಿದುಕೊಳ್ಳುತ್ತಾರೆ.

ನನ್ನ ಗಂಡ ಹಗ್ಗದಲ್ಲಿ ನೇತಾಡಿಕೊಂಡು ಎತ್ತರದ ಕಟ್ಟಡಗಳಿಗೆ ಬಣ್ಣ ಬಳಿಯುವವನು. ಆ ನೆರೆಯ ನಂತರ ತೊಲೆಗೊಂದು ರಾಟೆ ಕಟ್ಟಿ, ಅವ್ವನನ್ನು ಕುರ್ಚಿಯ ಸಮೇತ ಅಟ್ಟಕ್ಕೆ ಏರಿಸುವ ಏರ್ಪಾಡು ಮಾಡಿದ್ದ.

ಪರೀಕ್ಷೆಯ ದಿನ ಬೀದಿಗೆ ಬೀದಿಯೇ ಪೈಪೋಟಿಗೆ ಬಿತ್ತು. ಟೈಲರ್ ಮಾಮ ಹೊಲಿಗೆ ಮಿಷನ್ನನ್ನು ತಲೆಯ ಮೇಲೆ ಹೊತ್ತು ಓಡಿ ತೋರಿಸಿದರು. ಎದುರುಮನೆಯ ಗುಂಡಕ್ಕ ಖಾಲಿ ಡ್ರಮ್ಮುಗಳ ತೆಪ್ಪವನ್ನು ರಸ್ತೆಯ ಮಧ್ಯೆ ಇಟ್ಟು, ಒಣ ನೆಲದ ಮೇಲೆಯೇ ಹುಟ್ಟು ಹಾಕಿದಳು. ಪರೀಕ್ಷೆ ಮಾಡಲು ಸರ್ಕಾರಿ ಆಫೀಸಿನಿಂದ ಬಂದ ಮೇಡಂ "ಅದ್ಭುತ, ಅದ್ಭುತ" ಎನ್ನುತ್ತ ಟ್ಯಾಬಿನಲ್ಲಿ ಮಾರ್ಕ್ಸ್ ಒತ್ತುತ್ತಲೇ ನಮ್ಮ ಮನೆಗೆ ಬಂದರು.

ಗಂಡ ಹಗ್ಗ ಎಳೆದ. ಅತ್ತೆ ಕಣ್ಣು ಮುಚ್ಚಿಕೊಂಡು ಮೇಲೇರಿದರು.

"ಭಯ ಆಗಲ್ವಾ ಅಜ್ಜಿ?" ಎಂದರು ಮೇಡಂ.

ಮನೆಗೆ ಬಂದವರ ಮುಂದೆ ಗೋಳು ತೋಡಿಕೊಳ್ಳುವ ಹೆಂಗಸಲ್ಲ ನಮ್ಮತ್ತೆ. "ಭಯ ಎಂಥದಮ್ಮಾ? ಎಲ್ಲ ಅಭ್ಯಾಸ ಆಗೋಗಿದೆ" ಎಂದುಬಿಟ್ಟರು.

ನನಗೆ ತಡೆಯಲಾಗಲಿಲ್ಲ. "ಸುಳ್ಳು ಮೇಡಂ. ಮೋಡ ಕಟ್ಟಿದ್ರೆ ಸಾಕು, ಊಟಾನೇ ಸೇರಲ್ಲ ಇವ್ರಿಗೆ" ಎಂದೆ.

ಗಂಡ ಕಣ್ಣಲ್ಲೇ ನನ್ನನ್ನು ಸುಟ್ಟ. ಮಾರ್ಕ್ಸ್ ಹೋಗುತ್ತದಲ್ಲ! "ಇವಳ ಮಾತು ಬಿಡಿ ಮೇಡಂ, ಇವಳಿಗೆ ಎಲ್ಲದಕ್ಕೂ ಗಾಬರಿ" ಎಂದು ಹಲ್ಲು ಕಿರಿದ.

ಮೇಡಂ ಹೊಸ್ತಿಲಲ್ಲೇ ನಿಂತು ಫಲಿತಾಂಶ ಓದಿದರು. "ಕೆಳಬೀದಿಗೆ ನೂರಕ್ಕೆ ತೊಂಬತ್ತಾರು!"

ಹೊರಗೆ ಶಿಳ್ಳೆಯೋ ಶಿಳ್ಳೆ.

"ಬಂಗಲೆಯವರಿಗೆ ಬರೀ ಹನ್ನೊಂದು. ಪಾಪ, ನೀರು ಬಂದ್ರೆ ಏನು ಮಾಡ್ಬೇಕು ಅಂತಾನೇ ಗೊತ್ತಿಲ್ಲ ಅವ್ರಿಗೆ. ಅದಕ್ಕೇ ಗೋಡೆ ಅವ್ರಿಗೆ ಕೊಡ್ತಿದೀವಿ. ನೀವು ಹೇಗೂ ನಿಭಾಯಿಸ್ತೀರಲ್ಲ!"

ಮೇಡಂ ಕೈಮುಗಿದು ಹೊರಟರು. ಗಂಡ ಹಗ್ಗದ ಗಂಟಿಗೆ ಕೈ ಹಾಕಿದ.

"ಅವ್ವಾ, ಇಳಿಸ್ತೀನಿ. ಕುರ್ಚಿ ಗಟ್ಟಿಯಾಗಿ ಹಿಡ್ಕೋ."

"ಬೇಡ ಕಣಪ್ಪಾ" ಎಂದರು ಅತ್ತೆ ಅಟ್ಟದ ಮೇಲಿನಿಂದ. "ಗೋಡೆ ಇಲ್ವಂತಲ್ಲ. ನನ್ನ ಹಾಸಿಗೆ ಇಲ್ಲಿಗೇ ಕಳಿಸಿಬಿಡು."