ಎರಡು ಸಾಲುಗಳ ನಡುವಿನ ಗೇಣು

ಡ್ರಿಲ್ ಪಂದ್ಯಗಳಿಗೆ ಬರುವವರೆಲ್ಲ ಅವರನ್ನು ಕಷ್ಟದ ಸಾಹೇಬರು ಎಂದೇ ಕರೆಯುತ್ತಿದ್ದರು. ಬಂದೂಕು ತಿರುಗಿಸುವ ತಂಡಗಳಿಗೆ ಅಂಕ ಹಾಕುವವರು ಇಬ್ಬರು. ಒಬ್ಬರು ನಿಖರತೆ ನೋಡುತ್ತಾರೆ: ಬೂಟುಗಳೆಲ್ಲ ಒಟ್ಟಿಗೆ ನೆಲಕ್ಕೆ ಬಿದ್ದವೇ, ಅಂಗೈಗಳೆಲ್ಲ ಒಟ್ಟಿಗೆ ಬಂದೂಕಿನ ಮರಕ್ಕೆ ಬಡಿದವೇ ಎಂದು. ಇನ್ನೊಬ್ಬರು, ಮಾಡಿದ್ದು ಎಷ್ಟು ಕಷ್ಟದ್ದು ಎಂದು ನೋಡುತ್ತಾರೆ. ಸಾಹೇಬರದು ಈ ಎರಡನೆಯ ಕೆಲಸ. "ನಾವೇನೂ ಕಷ್ಟ ಹುಡುಕ್ಕೊಂಡು ಹೋಗ್ಬೇಕಾಗಿಲ್ಲಮ್ಮ, ದಿನಾ ಸಂಜೆ ಅದೇ ಬಂದು ಚಪ್ಪಲಿ ಬಿಡುತ್ತೆ" ಎಂದು ಅವರ ಹೆಂಡತಿ ಪಕ್ಕದ ಮನೆಯವಳಿಗೆ ಹೇಳುವುದು ಗೋಡೆಯಾಚೆಯಿಂದ ಕೇಳುತ್ತಿತ್ತು. ಸಾಹೇಬರಿಗೆ ಅದರಲ್ಲಿ ಒಳಗೊಳಗೇ ಹೆಮ್ಮೆ.

ಪಂದ್ಯದ ದಿನ ಮಧ್ಯಾಹ್ನ, ಮೈದಾನದ ಹಿಂದಿನ ತಗಡಿನ ಶೆಡ್ಡಿಗೆ ಅವರು ಬಂದೂಕು ಪರೀಕ್ಷೆ ಮಾಡಲು ಹೋದರು. ಬಂದೂಕಿನಲ್ಲಿ ಗುಂಡಿಲ್ಲ ತಾನೆ, ಮೂತಿಗೆ ಸಿಕ್ಕಿಸಿದ ಬಯೋನೆಟ್ ಚೂರಿ ಗಟ್ಟಿಯಾಗಿ ಕೂತಿದೆಯೇ, ಇಷ್ಟೇ ನೋಡುವುದು. ಒಳಗೆ ಎಣ್ಣೆ, ಬೂಟ್ ಪಾಲಿಶ್ ಮತ್ತು ಬೆವರಿನ ವಾಸನೆ. ಎರಡನೇ ಪಟಾಲಮ್ಮಿನವರು ಬನಿಯನ್ನಿನಲ್ಲೇ ಎದುರುಬದುರು ಎರಡು ಸಾಲಾಗಿ ನಿಂತು ಕೊನೆಯ ಅಭ್ಯಾಸ ಮಾಡುತ್ತಿದ್ದರು. ಸಾಲಿನವರು ಚೂರಿ ಸಿಕ್ಕಿಸಿದ ಬಂದೂಕನ್ನು ಗಾಳಿಯಲ್ಲಿ ಗಿರಗಿರ ಸುತ್ತಿಸುತ್ತಾರೆ; ನಡುವೆ ಒಬ್ಬರು ತಲೆ ಆಚೀಚೆ ಮಾಡದೆ ನಡೆದುಕೊಂಡು ಹೋಗುತ್ತಾರೆ. ಆ ತಂಡದಲ್ಲಿ ನಡೆಯುವವಳು ಗುಬ್ಬಿ. ಕೋಚಿನ ತಂಗಿಯ ಮಗಳು. ಸಣ್ಣ ಆಳು, ಉದ್ದ ಕತ್ತು.

ಸಾಹೇಬರು ಬಾಗಿಲಲ್ಲೇ ನಿಂತುಬಿಟ್ಟರು. ಹೋದ ವರ್ಷ ಗುಬ್ಬಿಯ ಕೆನ್ನೆಗೂ ಚೂರಿಗೂ ನಡುವೆ ಒಂದು ಮೊಳ ಜಾಗವಿತ್ತು. ಅವರು ಹತ್ತಿರ ಹೋದರು, ಬಂದೂಕನ್ನು ಹಾಗೇ ಹಿಡಿದು ನಿಲ್ಲಲು ಒಬ್ಬನಿಗೆ ಹೇಳಿದರು, ಚೂರಿಯ ತುದಿಗೂ ಗುಬ್ಬಿಯ ಕಿವಿಗೂ ನಡುವೆ ತಮ್ಮ ಅಂಗೈ ಚಾಚಿದರು. ಹೆಬ್ಬೆರಳು ಕಬ್ಬಿಣಕ್ಕೆ ತಾಗಿತು, ಕಿರುಬೆರಳು ಅವಳ ಕಿವಿಯ ಬಿಸಿಗೆ. ಒಂದು ಗೇಣು.

"ಏನ್ರೀ ಇದು?" ಎಂದರು, ಪಕ್ಕದಲ್ಲಿ ನಿಂತಿದ್ದ ಕೋಚಿಗೆ.

"ಯಾಕೆ ಸಾರ್? ನೀವೇ ತಾನೆ ಅಂಕದ ಹಾಳೇಲಿ ಬರೆದಿದ್ದು, 'ಇವರ ನಡುವೆ ಗಾಡಿ ಹೊಡ್ಕೊಂಡು ಹೋಗೋಷ್ಟು ಜಾಗ ಇದೆ' ಅಂತ?"

ಬರೆದಿದ್ದರು. ಹೋದ ವರ್ಷ, ಬಿಸಿಲಿನಲ್ಲಿ ಕೂತು ಕೂತು ತಲೆ ಸಿಡಿಯುತ್ತಿದ್ದಾಗ. ಮಾತು ಚೆನ್ನಾಗಿ ಬಂತಲ್ಲ ಎಂದು ಖುಷಿಯಾಗಿ ಅಡಿಗೆರೆಯನ್ನೂ ಎಳೆದಿದ್ದರು.

"ಗೋಡೆಗೆ ಅಂಟಿಸಿಟ್ಟಿದೀನಿ ಸಾರ್ ಅದನ್ನ" ಎಂದಳು ಗುಬ್ಬಿ, ಕತ್ತು ಕದಲಿಸದೆ. "ದಿನಾ ಬೆಳಿಗ್ಗೆ ಓದಿ, ನಿಮ್ಗೊಂದ್ಸಲ ಬೈದು, ಆಮೇಲೆ ಹಲ್ಲುಜ್ಜೋದು."

ಸಾಲು ಗೊಳ್ಳೆಂದು ನಕ್ಕಿತು. ಸಾಹೇಬರೂ ನಗಲು ನೋಡಿದರು. ಬಾಯಿ ಒಂದು ಕಡೆಗಷ್ಟೇ ಹೋಯಿತು. ಅಷ್ಟರಲ್ಲಿ ಎಡಸಾಲಿನ ಕೊನೆಯವನ ಮೇಲೆ ಕಣ್ಣು ಬಿತ್ತು. ಹೆಸರಿಗೆ ತಕ್ಕಂತಿದ್ದ, ಎಲ್ಲರೂ ಬಂಡೆ ಎನ್ನುತ್ತಿದ್ದರು. ಅವನು ಬಲ ಮಣಿಕಟ್ಟನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದ. ಹಿಡಿದು ಮುಂದೆ ಎಳೆದರೆ, ಬಿಗಿದು ಸುತ್ತಿದ ಪಟ್ಟಿ.

"ಉಳುಕು ಸಾರ್. ಏನಿಲ್ಲ."

"ಮುಷ್ಟಿ ಕಟ್ಟು."

ಬಂಡೆ ಕಟ್ಟಿದ. ಬೆರಳುಗಳು ಪೂರ್ತಿ ಒಳಗೆ ಹೋಗಲಿಲ್ಲ.

ಸಾಹೇಬರು ಅವನ ಕೈ ಬಿಟ್ಟರು. ಕೋಚನ್ನು ಖಾಲಿ ಡ್ರಮ್ಮುಗಳ ಹಿಂದಕ್ಕೆ ಕರೆದುಕೊಂಡು ಹೋಗಿ, ತೀರ್ಪುಗಾರರಾದವರು ಆಡಬಾರದ ಮಾತನ್ನು ಆಡಿದರು: "ಹೋದ ವರ್ಷದಷ್ಟೇ ಜಾಗ ಬಿಡಿ. ಅಂಕ ನಾನ್ ನೋಡ್ಕೋತೀನಿ."

ಕೋಚಿನ ಮುಖದ ಮೇಲಿದ್ದ ಗೌರವ ನಿಧಾನವಾಗಿ ಇಳಿದುಹೋಯಿತು. "ಯಾರ್ ಹೇಳಿಕಳ್ಸಿದ್ರು ಸಾರ್? ನೌಕೆಯವರಾ?" ನೌಕಾ ತಂಡ ಇವರಿಗೆ ವರ್ಷ ವರ್ಷವೂ ಎದುರಾಳಿ. "ನಾವು ಜಾಗ ಬಿಡ್ಬೇಕು, ಅವ್ರು ಬಿಗಿ ಮಾಡಿ ಗೆದ್ಕೊಂಡು ಹೋಗ್ಬೇಕು. ಅಲ್ವಾ?"

"ರೀ, ನಿಮ್ ತಂಗಿ ಮಗಳು ಕಣ್ರೀ ಅವ್ಳು! ಕತ್ತಿನ್ ಪಕ್ಕ ಚೂರಿ ಆಡ್ತಾ ಇದೆ!"

"ಎತ್ತಿ ಆಡ್ಸಿರೋನು ನಾನು ಸಾರ್. ನನಗೆ ಹೇಳ್ತೀರಾ?" ಕೋಚು ಸೆಲ್ಯೂಟ್ ಹೊಡೆದ. ಆ ಸೆಲ್ಯೂಟಿನಲ್ಲಿ ಬೈಗುಳವಿತ್ತು.

ಸಾಹೇಬರು ಬಾಗಿಲು ದಾಟುವಾಗ ಹಿಂದಿನಿಂದ ಅವನ ದನಿ ಕೇಳಿಸಿತು: "ಎಲ್ರೂ ಇನ್ನೆರಡು ಬೆರಳು ಒಳಕ್ಕೆ ಬನ್ನಿ." ಆಮೇಲೆ ಬೂಟುಗಳ ಸದ್ದು, ಒಂದೇ ಸದ್ದು. "ಸಾಕಾ ಮಾವ?" ಎಂದು ಗುಬ್ಬಿ ಕೇಳಿದ್ದೂ ಕೇಳಿಸಿತು.

ಕೇಳಿಸಿದ್ದೇ ತಡ ಸಾಹೇಬರು ನಿಯಮದ ಪುಸ್ತಕ ಬಿಚ್ಚಿದರು. ಅದರಲ್ಲಿ ಬಂದೂಕಿನ ತೂಕವಿತ್ತು, ಬೂಟಿನ ಹೊಳಪಿತ್ತು, ಟೋಪಿ ಎಷ್ಟು ವಾಲಬೇಕು ಎಂದಿತ್ತು. ಉಳುಕಿದ ಕೈಯಿರಲಿಲ್ಲ, ಚೂರಿಗೂ ಕತ್ತಿಗೂ ನಡುವೆ ಎಷ್ಟು ಜಾಗ ಬೇಕೆಂದೂ ಇರಲಿಲ್ಲ. ಪಂದ್ಯದ ಅಧ್ಯಕ್ಷರ ಬಳಿ ಹೋದರೆ, ಅವರು ಹಲ್ಲುಕಡ್ಡಿ ಹುಡುಕುತ್ತಾ, "ನಿಯಮದಲ್ಲಿ ಇಲ್ಲದ್ದನ್ನ ನಾನೆಲ್ಲಿಂದ ತರ್ಲಿ? ಅಲ್ಲದೆ, ಕಷ್ಟ ಜಾಸ್ತಿ ಆದ್ರೆ ನಿಮಗ್ಯಾಕೆ ಕಷ್ಟ?" ಎಂದು ತಮ್ಮ ಮಾತಿಗೆ ತಾವೇ ನಕ್ಕರು.

ಉಳಿದವಳು ಕಿವಿಯಕ್ಕ. ನಿಖರತೆಯ ಅಂಕ ಅವಳದು. ಹಿಂದೆ ಸೇನೆಯ ಬ್ಯಾಂಡಿನಲ್ಲಿ ಡೋಲು ಬಾರಿಸುತ್ತಿದ್ದವಳು. ಕಣ್ಣು ಮುಚ್ಚಿಕೊಂಡು ಬರಿಯ ಸದ್ದಿನಿಂದಲೇ ತಂಡಗಳನ್ನು ತೂಗುತ್ತಿದ್ದಳು. ತೀರ್ಪುಗಾರರ ಮೇಜಿನ ಹಿಂದೆ ಕೂತು ಕಡಲೆಬೀಜ ಬಿಡಿಸುತ್ತಿದ್ದಳು. ಸಾಹೇಬರು ಎಲ್ಲವನ್ನೂ ಹೇಳಿದರು.

"ನೀನು ಬೆವರಿದೀಯಲ್ಲೋ" ಎಂದಳು. "ಹೆದರಿದವನು ಕಷ್ಟ ಹೇಗೋ ಅಳೀತೀಯ?"

"ಇಷ್ಟು ದಿನ ಅಳೆದಿದ್ದೂ ಅದನ್ನೇ ಅಲ್ವೇನಕ್ಕಾ? ನನಗೆಷ್ಟು ಹೆದರಿಕೆ ಆಯ್ತು ಅಂತ? ಆರಾಮಾಗಿ ಕೂತು, ಇನ್ನೂ ಸ್ವಲ್ಪ ಹೆದರ್ಸಿ, ಇನ್ನೂ ಸ್ವಲ್ಪ ಹೆದರ್ಸಿ ಅಂತ..."

ಕಿವಿಯಕ್ಕ ಸಿಪ್ಪೆ ಊದಿ ಹಾರಿಸಿದಳು.

"ಮಧ್ಯದಲ್ಲಿ ಎದ್ದು ನಿಲ್ಸಿ ಅಂತ ಕೂಗ್ಬಿಡ್ತೀನಿ."

"ಕೂಗು. ಮಾತಿಲ್ಲದೆ ಮಾಡೋ ಆಟ ಅದು, ಎಲ್ಲಾ ಒಳಗೊಳಗೇ ಎಣಿಸ್ತಿರ್ತಾರೆ. ಕೂಗಿದ್ರೆ ಎಣಿಕೆ ತಪ್ಪುತ್ತೆ. ಎಣಿಕೆ ತಪ್ಪಿದ್ರೆ ಚೂರಿ ಎಲ್ಲಿಗೆ ಹೋಗುತ್ತೆ, ನನ್ ಬಾಯಲ್ಲಿ ಹೇಳ್ಸಬೇಡ."

ಎರಡನೇ ಪಟಾಲಂ ಮೈದಾನಕ್ಕೆ ಬಂದಾಗ ಬಿಸಿಲು ಇನ್ನೂ ಚುರುಕಾಗಿತ್ತು. ಜನ ಮೆಟ್ಟಿಲುಗಳ ಮೇಲೆ ಒತ್ತೊತ್ತಾಗಿ ಕೂತಿದ್ದರು. ಸಾಹೇಬರು ಎರಡೂ ಕೈಗಳನ್ನು ತೊಡೆಗಳ ಕೆಳಗೆ ಸಿಕ್ಕಿಸಿಕೊಂಡರು. ಇಲ್ಲದಿದ್ದರೆ ಅವು ತಾವಾಗಿಯೇ ಮೇಲೇಳುವಂತಿದ್ದವು. ಎರಡು ಸಾಲು ಎದುರುಬದುರಾಯಿತು. ಬಂದೂಕುಗಳು ಮೇಲೆದ್ದವು, ಸುತ್ತತೊಡಗಿದವು. ಇಷ್ಟು ವರ್ಷ ಅವರಿಗೆ ಅಲ್ಲಿ ಕಾಣುತ್ತಿದ್ದದ್ದು ಹೊಳೆಯುವ ಚಕ್ರಗಳು. ಇವತ್ತು ಕಂಡದ್ದು ಬಂದೂಕುಗಳು, ಕೈಗಳು, ಉಗುರುಗಳು, ಮತ್ತು ಆ ಕೊನೆಯಲ್ಲಿ, ಅಂಗಿಯ ತೋಳಿನ ಅಂಚಿನಿಂದ ಬೆರಳಗಲ ಹೊರಗೆ ಬಂದಿದ್ದ ಬಂಡೆಯ ಬಿಳಿ ಪಟ್ಟಿ.

ಗುಬ್ಬಿ ಒಳಗೆ ಕಾಲಿಟ್ಟಳು.

ಮೊದಲ ಜೋಡಿ ದಾಟಿದಳು. ಟೋಪಿಯ ಕೆಳಗಿನ ಕೂದಲು ಆ ಗಾಳಿಗೆ ಹಾರಿತು. ಎರಡನೆಯ ಜೋಡಿ. ಗುಬ್ಬಿಯ ಮುಖದಲ್ಲಿ ಏನೂ ಇರಲಿಲ್ಲ, ಕನ್ನಡಿಯ ಮುಂದೆ ನಿಂತು ಬೇರೇನೋ ಯೋಚಿಸುವವರ ಮುಖ. ಹೀಗೇ ದಾಟುತ್ತ ದಾಟುತ್ತ ಕೊನೆಯ ಜೋಡಿಯ ಹತ್ತಿರ ಬರುವಾಗ ಬಂಡೆಯ ಬಂದೂಕು ಉಳಿದವಕ್ಕಿಂತ ಕೂದಲೆಳೆಯಷ್ಟು ತಡವಾಗಿ ಸುತ್ತುತ್ತಿದ್ದದ್ದು ಸಾಹೇಬರಿಗೆ ಕಂಡಿತು. ಕಂಡದ್ದು ಅಷ್ಟೇ. ಅವರು ಕಣ್ಣು ಮುಚ್ಚಿಬಿಟ್ಟರು.

ಮುಚ್ಚಬೇಕೆಂದು ಮುಚ್ಚಿದ್ದಲ್ಲ. ರೆಪ್ಪೆಗಳು ಅವರ ಮಾತು ಕೇಳಲಿಲ್ಲ. ಪಕ್ಕದಲ್ಲಿ ಕಿವಿಯಕ್ಕ ಎಂದಿನಂತೆ ಕಣ್ಣು ಮುಚ್ಚಿ ಕೂತಿದ್ದಳು. ಹೀಗೆ ಇಡೀ ಮೈದಾನ ಕಣ್ಣರಳಿಸಿ ನೋಡುತ್ತಿದ್ದಾಗ, ನೋಡುವುದಕ್ಕೆಂದೇ ಕರೆಸಿದ್ದ ಇಬ್ಬರು ಮಾತ್ರ ಕತ್ತಲಲ್ಲಿದ್ದರು.

ಬಟ್ಟೆ ಹರಿದಂಥ ಸಣ್ಣ ಸದ್ದು ಕೇಳಿತು. ಕಿವಿಯಕ್ಕ "ಹಾ" ಎಂದು ಉಸಿರೆಳೆದುಕೊಂಡಳು. ಈಗ ಕೂಗು ಕೇಳುತ್ತದೆ, ಈಗ ಕೇಳುತ್ತದೆ ಎಂದು ಸಾಹೇಬರು ಕಾದರು. ಕೇಳಿದ್ದು ಚಪ್ಪಾಳೆ.

ಕಣ್ಣು ಬಿಟ್ಟರೆ ಗುಬ್ಬಿ ಆ ತುದಿಯಲ್ಲಿ ನೆಟ್ಟಗೆ ನಿಂತಿದ್ದಳು. ಅಂಗಿಯ ಕಾಲರು ಸೀಳಿ ಜೋತುಬಿದ್ದಿತ್ತು. ಕಿವಿಯ ಕೆಳಗಿನಿಂದ ಕೆಂಪು ದಾರವೊಂದು ಇಳಿಯುತ್ತಿತ್ತು. ಅವಳಿಗಿನ್ನೂ ಗೊತ್ತಾಗಿರಲಿಲ್ಲ, ಸೊಳ್ಳೆ ಕಚ್ಚಿದಂತೆ ಭುಜ ಕುಲುಕಿದಳು.

ಅಧ್ಯಕ್ಷರು ಮೇಜಿನ ಮೇಲೆ ಬಾಗಿದರು. "ಕಷ್ಟದ್ದು ಎಷ್ಟು? ಯಾಕ್ ಹಾಗೆ ಕೂತಿದೀರಿ? ಕೊನೇದು ಸರಿಯಾಗಿ ಕಾಣ್ತು ತಾನೆ? ಕಾಣದಿದ್ರೆ ಹೇಳ್ಬಿಡಿ, ಮತ್ತೆ ನಡ್ಸೋಣ. ಅದು ನಿಯಮದಲ್ಲೇ ಇದೆ."

ಮತ್ತೆ ನಡೆಸುವುದು. ಗುಬ್ಬಿ ಮತ್ತೆ ಒಳಗೆ ಕಾಲಿಡುವುದು, ಬಂಡೆ ಮತ್ತೆ ಆ ಬೆರಳುಗಳನ್ನು ಮಡಿಸುವುದು.

"ಕಾಣ್ತು" ಎಂದರು ಸಾಹೇಬರು. "ಚೆನ್ನಾಗೇ ಕಾಣ್ತು."

"ಎಷ್ಟು?"

ಕಮ್ಮಿ ಎಂದರೆ ಕೋಚು ಮುಂದಿನ ವರ್ಷ ಆ ಎರಡು ಬೆರಳಿನ ಮೇಲೆ ಇನ್ನೆರಡು ಬೆರಳು ಒಳಗೆ ತರುತ್ತಾನೆ. ಅಷ್ಟು ಮಾತ್ರ ಅವರಿಗೆ ಹೊಳೆಯಿತು. "ಪೂರ್ತಿ" ಎಂದರು. "ಪೂರ್ತಿ ಕೊಟ್ಬಿಡಿ."

ಮೈಕಿನಲ್ಲಿ ಅದು ಕೇಳಿಬಂದಾಗ ಮೈದಾನ ಎದ್ದು ನಿಂತಿತು. ಕಷ್ಟದ ಸಾಹೇಬರು ಪೂರ್ತಿ ಅಂಕ ಕೊಟ್ಟದ್ದನ್ನು ಯಾರೂ ಕೇಳಿದವರಿಲ್ಲ. ಗುಬ್ಬಿ ಮಾವನ ಹೆಗಲಿಗೆ ಹಾರಿದಳು. ಕೋಚು ಅಳುತ್ತಿದ್ದ, ಅವಳ ಕಿವಿಗೆ ಕರವಸ್ತ್ರ ಒತ್ತಿ ಹಿಡಿದು, ಮೇಜಿನ ಕಡೆ ತಿರುಗಿ ತಲೆಬಾಗಿದ. ಬಂಡೆ ಮಾತ್ರ ಪಕ್ಕಕ್ಕೆ ಹೋಗಿ ಕೂತು, ತನ್ನ ಕೈಯನ್ನು ಯಾರದೋ ಕೈಯೆಂಬಂತೆ ನೋಡುತ್ತಿದ್ದ. ಬದುಕಿದಳು, ಅಷ್ಟು ಸಾಕು ಎಂದುಕೊಂಡು ಸಾಹೇಬರು ನೀರಿನ ಲೋಟಕ್ಕೆ ಕೈಹಾಕಿದರು.

ಲೋಟ ತುಟಿಗೆ ತಾಗುವ ಮೊದಲೇ ಮೈದಾನದ ಆ ಬದಿ ಕಂಡಿತು. ನೌಕಾ ತಂಡ ಆಗಲೇ ಎರಡು ಸಾಲಾಗಿ ನಿಂತಿತ್ತು. ಅವರ ನಾಯಕ ಮೈಕಿನ ಕಡೆ ನೋಡಿದ, ಗುಬ್ಬಿಯ ಹರಿದ ಕಾಲರಿನ ಕಡೆ ನೋಡಿದ, ಬೆರಳೆತ್ತಿದ. ಎರಡೂ ಸಾಲು ಅರ್ಧ ಹೆಜ್ಜೆ ಮುಂದೆ ಬಂತು. ಒಂದೇ ಸದ್ದು.

"ಆಹಾ" ಎಂದಳು ಕಿವಿಯಕ್ಕ, ಕಣ್ಣು ಮುಚ್ಚಿಕೊಂಡೇ. "ಎಷ್ಟು ಚಂದ ಬಿತ್ತು ನೋಡು ಬೂಟು."

ಅವರಲ್ಲಿ ನಡೆಯುವವನು ಮಧ್ಯವಯಸ್ಸಿನವನು, ಎತ್ತರದಾಳು. ಹತ್ತಿರವಾದ ಸಾಲುಗಳನ್ನು ಕಂಡು ಅಂಗೈಗಳನ್ನು ಪ್ಯಾಂಟಿಗೆ ಒರೆಸಿಕೊಂಡ. ಮತ್ತೆ ಒರೆಸಿಕೊಂಡ.

ಸಾಹೇಬರು ಎದ್ದರು. ಮೇಜು ಬಳಸಿ, ಹಗ್ಗ ದಾಟಿ, ಹುಲ್ಲಿನ ಮೇಲೆ ನಡೆದರು. ಹಿಂದಿನಿಂದ ಅಧ್ಯಕ್ಷರು ಏನೋ ಕೂಗಿದರು. ಸಾಹೇಬರು ಹೋಗಿ ನೌಕಾ ತಂಡದ ಎರಡು ಸಾಲುಗಳ ನಡುವೆ ನಿಂತರು.

"ಸಾರ್, ಇದು ನನ್ ಜಾಗ" ಎಂದು ನಡೆಯುವವನು ಪಿಸುಗುಟ್ಟಿದ.

"ಗೊತ್ತಪ್ಪಾ. ಸ್ವಲ್ಪ ಆಚೆ ನಿಂತ್ಕೋ."

"ಕುರ್ಚಿಗೆ ಹೋಗಿ ಸಾರ್!" ಎಂದ ನಾಯಕ. "ನಾವು ಶುರು ಮಾಡ್ಬೇಕು."

"ಮಾಡಿ. ಕುರ್ಚೀಲಿ ಕೂತ್ರೆ ನನಗೆ ಕಣ್ಣು ಮುಚ್ಚಿಹೋಗುತ್ತೆ. ಕಷ್ಟ ಎಷ್ಟು ಅಂತ ಇಲ್ಲೇ ನಡೆದು ನೋಡ್ತೀನಿ."

ಯಾರೂ ನಗಲಿಲ್ಲ. ಇಲ್ಲಿಂದ ಎಲ್ಲವೂ ದೊಡ್ಡದಾಗಿ ಕಾಣುತ್ತಿತ್ತು: ಚೂರಿಯ ಮೈಮೇಲೆ ಉಳಿದ ಎಣ್ಣೆಯ ಹನಿ, ಎದುರಿಗಿದ್ದವನ ಗಲ್ಲದ ಮೇಲೆ ಬ್ಲೇಡು ತಪ್ಪಿದ ಗುರುತು, ಅವನ ಗಂಟಲಮಣಿ ಮೇಲೆ ಹೋಗಿ ಕೆಳಗೆ ಬಂದದ್ದು. ಅವನೂ ಹೆದರಿದ್ದ. ಅವನ ಪಕ್ಕದವಳೂ ಹೆದರಿದ್ದಳು. ಸಾಹೇಬರಿಗೆ ಓಡಿಹೋಗಬೇಕೆನಿಸಿತು. ಓಡಲಿಲ್ಲ.

"ಸುತ್ಸಿ" ಎಂದರು.

ಬಂದೂಕು ಮೇಲೇಳಲಿಲ್ಲ. ನಾಯಕನ ಬೆರಳು ಗಾಳಿಯಲ್ಲೇ ನಿಂತಿತ್ತು. ಎದುರಿಗಿದ್ದವನು ಸಾಹೇಬರ ಬೆವರಿದ ಮುಖ ನೋಡಿದ, ತನ್ನ ಚೂರಿ ನೋಡಿದ. ಅಪ್ಪಣೆಯಿಲ್ಲದೆ ಅರ್ಧ ಹೆಜ್ಜೆ ಹಿಂದೆ ಇಟ್ಟ. ಪಕ್ಕದವಳು ಇಟ್ಟಳು. ಆಮೇಲೆ ಆ ಕಡೆಯವನೊಬ್ಬ, ತುಸು ತಡೆದು ಇನ್ನೊಬ್ಬ, ಒಬ್ಬ ಕಮ್ಮಿ, ಒಬ್ಬ ಜಾಸ್ತಿ. ಬೂಟುಗಳು ಟಪಟಪ ಎಂದು ಹೇಗೆ ಬೇಕೋ ಹಾಗೆ ಬಿದ್ದವು. ದಾರ ಹಿಡಿದು ಎಳೆದಂತಿದ್ದ ಸಾಲು ಜನರೆದುರೇ ಅಂಕುಡೊಂಕಾಯಿತು.

ಸಾಹೇಬರು ಉಸಿರು ಬಿಡಲು ನೋಡಿದರು. ಚೂರಿ ಇನ್ನೂ ಹತ್ತಿರವೇ ಇತ್ತು.

"ಇನ್ನೂ ಸ್ವಲ್ಪ" ಎಂದರು.